ಧೂಳು ಹಿಡಿಯುವ ಬಟ್ಟೆ

ಹೋದ ವರ್ಷ ದೀಪಾವಳಿಗೆ ಹಾಸನದ ತಮ್ಮನ ಮನೆಗೆ ಹೋಗಿದ್ದೆ. ತಮ್ಮನ ಹೆಂಡತಿ ಅಟ್ಟದಿಂದ ಇಳಿಸಿದ ಹಿತ್ತಾಳೆ ಪಾತ್ರೆಗಳನ್ನು ನನ್ನ ಮುಂದಿಟ್ಟು, "ತಿಂಗಳ ಹಿಂದೆ ತೊಳೆದಿಟ್ಟಿದ್ದು ಅಕ್ಕ, ಹೇಗಾಗಿದೆ ನೋಡಿ" ಎಂದಳು. ಬೆರಳಿನಿಂದ ಸವರಿದೆ. ಗೋಧಿಹಿಟ್ಟಿಗಿಂತ ನುಣುಪಾದ ಕಂದುಬಣ್ಣದ ಪುಡಿ. ಮೂಗಿನ ಹತ್ತಿರ ಹಿಡಿದರೆ ತೇಗದ ವಾಸನೆ.

ತಮ್ಮ ಬ್ಯಾಂಕಿನ ಕೆಲಸಕ್ಕೆ ಸ್ವಯಂ ನಿವೃತ್ತಿ ಪಡೆದು, ಮನೆಯ ಹಿಂದೆ ಶೀಟು ಹಾಕಿಸಿ ಮರಗೆಲಸ ಶುರು ಮಾಡಿದ್ದ. ಓದಿ ಬೇರೆ ದಾರಿ ಹಿಡಿದಿದ್ದ ಮಗ ಕೊನೆಗೂ ಅಪ್ಪನ ಕಸುಬಿಗೇ ಬಂದನೆಂದು ನನಗೆ ಖುಷಿಯಾಗಿತ್ತು. ಆದರೆ ಬೆಳಗ್ಗೆ ಕಾಫಿ ಕುಡಿಯುತ್ತಾ ಅವನು ಕೆಮ್ಮಿದಾಗ ಲೋಟ ಕೆಳಗಿಟ್ಟುಬಿಟ್ಟೆ. ಆ ಕೆಮ್ಮು ನನಗೆ ಗೊತ್ತಿತ್ತು.

ಅಪ್ಪ ಅರಕಲಗೂಡಿನಲ್ಲಿ ಬಡಗಿಯಾಗಿದ್ದರು. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಎಲ್ಲವನ್ನೂ ಮಾಡುತ್ತಿದ್ದರು. ಹಲಸು, ಹೊನ್ನೆ, ತೇಗ, ಅಪರೂಪಕ್ಕೊಮ್ಮೆ ಬೀಟೆ. ಹತ್ತರಿ ಹೊಡೆದಾಗ ಬೀಳುವ ಸುರುಳಿ ನಮ್ಮ ಆಟಕ್ಕೆ. ಗರಗಸದ ಹೊಟ್ಟು ಅಮ್ಮನ ಒಲೆಗೆ. ಒಲೆಯ ನಡುವೆ ಸೀಸೆ ನಿಲ್ಲಿಸಿ, ಸುತ್ತ ಹೊಟ್ಟು ಅದುಮಿ ತುಂಬಿ, ಸೀಸೆಯನ್ನು ಮೆಲ್ಲಗೆ ಎಳೆದುಬಿಟ್ಟರೆ ಗಂಟೆಗಟ್ಟಲೆ ಒಂದೇ ಹದದಲ್ಲಿ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಮರದ ಯಾವ ಚೂರೂ ದಂಡವಾಗುತ್ತಿರಲಿಲ್ಲ. ಯಾರ ಕೈಗೂ ಸಿಗದೆ ಹೋಗುತ್ತಿದ್ದುದು ಉಪ್ಪುಕಾಗದ ಉಜ್ಜುವಾಗ ಏಳುತ್ತಿದ್ದ ಹುಡಿ ಮಾತ್ರ. ಅದು ಅಪ್ಪನ ಎದೆಗೆ ಹೋಗುತ್ತಿತ್ತು.

ಬೀಟೆಯ ಕೆಲಸವಿದ್ದ ದಿನ ಅಪ್ಪನ ಕಣ್ಣು ಕೆಂಪಾಗಿ, ಮೊಣಕೈವರೆಗೆ ತುರಿಕೆ ಏಳುತ್ತಿತ್ತು. ರಾತ್ರಿಯೆಲ್ಲ ಕೆಮ್ಮು. ಅಮ್ಮ ಹಳೆಯ ಸೀರೆಯ ತುಂಡು ಮಡಿಸಿ, "ಮೂಗಿಗೆ ಕಟ್ಟಿಕೊಳ್ಳಿ ಅಂದ್ರೆ" ಎಂದು ಕೊಟ್ಟರೆ, "ಬಂದ ಗಿರಾಕಿಗಳು ಏನಂದ್ಕೋತಾರೆ?" ಎಂದು ಅದನ್ನು ಗೂಟಕ್ಕೆ ಸಿಗಿಸಿಬಿಡುತ್ತಿದ್ದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಬೀಡಿ ಸೇದ್ತೀಯಾ?" ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ನಾನು ಕೆಲಸಕ್ಕೆ ಸೇರಿದ ಮರುವರ್ಷ ಉಬ್ಬಸದಲ್ಲೇ ಹೋದರು. ಮರದ ಪುಡಿಯೇ ಕಾರಣವೆಂದು ಈಗ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಅವರ ಕಸುಬೇನೆಂದು ಆಗ ಕೇಳಿದವರೂ ಇರಲಿಲ್ಲ.

ಇಟಲಿಯ ವೈದ್ಯ ರಾಮಾಜ್ಜೀನಿ 1700ರಲ್ಲಿಯೇ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಬರೆದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಿಕೊಳ್ಳಿ ಎಂದು ವೈದ್ಯರಿಗೆ ಹೇಳಿದವನು ಅವನು. ಸಮಾಜ ಪಾಠ ಮಾಡುವ ನನಗೆ ರಾಜರ ಇಸವಿಗಳೆಲ್ಲ ಬಾಯಿಪಾಠ. ಈ ಇಸವಿ ಗೊತ್ತಾದದ್ದು ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ.

ಅಂದು ತಮ್ಮನಿಗೆ ಮೆಲ್ಲಗೆ ಹೇಳಿದೆ. ಅವನು ನಕ್ಕು ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ: "ನಾನೇನು ಅಪ್ಪನ ಹಾಗಾ? ಧೂಳು ಎಳೆಯೋ ಮಿಷನ್ನೇ ಇದೆಯಲ್ಲಕ್ಕ." ಒಂದು ಫ್ಯಾನು ಗರಗಸದ ಬುಡದಿಂದ ಗಾಳಿಯನ್ನೂ ಹೊಟ್ಟನ್ನೂ ಕೊಳವೆಯಲ್ಲಿ ಸೆಳೆದುಕೊಳ್ಳುತ್ತದೆ. ತೂಕದ ಹೊಟ್ಟು ಕೆಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬೀಳುತ್ತದೆ. ಮೇಲಿನ ಬಟ್ಟೆ ಚೀಲ ಬಲೂನಿನಂತೆ ಉಬ್ಬಿ, ಗಾಳಿಯನ್ನು ಹೊರಗೆ ಬಿಟ್ಟು ಧೂಳನ್ನು ಒಳಗೇ ಉಳಿಸಿಕೊಳ್ಳಬೇಕು. ನೆಲ ನೋಡಿದರೆ ಗುಡಿಸಿದಂತಿತ್ತು. ಹಾಗಾದರೆ ಅಟ್ಟದ ಪಾತ್ರೆಗೆ ಪುಡಿ ಎಲ್ಲಿಂದ ಬಂತು?

ಬಟ್ಟೆಯಲ್ಲಿ ಶೋಧಿಸುವ ವಿದ್ಯೆ ಹೆಂಗಸರಾದ ನಮಗೆ ಹೊಸದಲ್ಲ. ಬಾಣಂತಿ ಮದ್ದನ್ನು ಕುಟ್ಟಿ ವಸ್ತ್ರಗಾಲಿತ ಮಾಡಿದವರೇ ನಾವು. ಚನ್ನರಾಯಪಟ್ಟಣದಲ್ಲಿ ಪಾಠ ಮಾಡುತ್ತಿದ್ದಾಗ ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಜೈನರ ಮನೆಗಳಲ್ಲಿ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ನೀರು ಸೋಸುವುದು ತಲೆತಲಾಂತರದ ನೇಮ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಎಚ್ಚರ ಅದು. ಈ ಬಟ್ಟೆಯ ಗುಣವನ್ನು ವಿಜ್ಞಾನಿಗಳೂ ಅಳೆದು ನೋಡಿದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಿಸಿ ಕುಡಿಯುವ ನೀರನ್ನು ಸೋಸಿದ ಕಡೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಸಡಿಲಗೊಂಡು ಎಳೆಗಳ ನಡುವಿನ ಕಂಡಿ ಸಣ್ಣದಾಗುತ್ತದೆ.

ಇದೇ ಮಾತನ್ನು ಹೊಳೆನರಸೀಪುರದ ಹಿಟ್ಟಿನ ಗಿರಣಿಯಲ್ಲಿ ಬೇರೆ ರೀತಿಯಲ್ಲಿ ಕೇಳಿದ್ದೆ. ಗಿರಣಿಯ ಬಾಯಿಗೆ ಕಟ್ಟಿದ ಉದ್ದನೆಯ ಬಟ್ಟೆ ಚೀಲವನ್ನು ನೀವೂ ನೋಡಿರುತ್ತೀರಿ. ಹಿಟ್ಟು ಡಬ್ಬಕ್ಕೆ ಇಳಿಯುತ್ತದೆ, ಗಾಳಿ ಬಟ್ಟೆಯೊಳಗಿಂದ ಹೊರಗೆ ಹೋಗುತ್ತದೆ. ಒಂದು ದಿನ ರಾಗಿ ಬೀಸಿಸಲು ಹೋದಾಗ ಹಿಟ್ಟು ಮಂಜಿನಂತೆ ಹಾರುತ್ತಿತ್ತು. "ಇವತ್ತು ಹೊಸ ಚೀಲ ಕಟ್ಟಿದೀನಿ ಮೇಡಂ, ಎರಡು ದಿನ ಹೋದ್ರೆ ಸರಿಹೋಗುತ್ತೆ" ಎಂದ ಗಿರಣಿಯವನು. ಎಳೆಗಳ ನಡುವೆ ಹಿಟ್ಟು ಕೂತು, ಹಿಟ್ಟೇ ಹಿಟ್ಟನ್ನು ತಡೆಯುತ್ತದೆ. ಮರದ ಧೂಳಿನ ಚೀಲಕ್ಕೂ ಇದೇ ನ್ಯಾಯ.

ಯಂತ್ರಕ್ಕೆ ಚೀಲ ಕಟ್ಟಿದ ಕಥೆಯಲ್ಲೂ ಮನೆಯ ಸಾಮಾನು ಬರುತ್ತದೆ. 1901ರಲ್ಲಿ ಇಂಗ್ಲೆಂಡಿನ ಬೂತ್ ಎಂಬ ಎಂಜಿನಿಯರ್, ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಉಸಿರು ಎಳೆದ. ಕರವಸ್ತ್ರದ ಅಡಿ ಕಪ್ಪಾಗಿತ್ತು. ಧೂಳನ್ನು ಊದಿ ಹಾರಿಸುವ ಬದಲು ಎಳೆದು ಬಟ್ಟೆಯಲ್ಲಿ ಹಿಡಿಯಬಹುದೆಂದು ಅವನು ತೋರಿಸಿದ. ಅಮೆರಿಕದ ಒಹಾಯೋದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಸ್ಪಾಂಗ್ಲರ್‌ಗೆ ಅಪ್ಪನಂತೆಯೇ ಉಬ್ಬಸ. ಆ ಧೂಳು ತಾಳಲಾರದೆ 1907ರಲ್ಲಿ ಒಂದು ಫ್ಯಾನು, ಪೊರಕೆಯ ಹಿಡಿ ಮತ್ತು ದಿಂಬಿನ ಗವಸು ಜೋಡಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವನಿಂದ ಆ ಹಕ್ಕು ಕೊಂಡವನ ಹೆಸರು ಹೂವರ್.

ಆದರೆ ಮರದ ಪುಡಿಯನ್ನು ಜನ ನಿರಪಾಯಕಾರಿ ಎಂದೇ ತಿಳಿದಿದ್ದರು. ಕುರ್ಚಿ ಮೇಜುಗಳಿಗೆ ಹೆಸರಾದ ಇಂಗ್ಲೆಂಡಿನ ಹೈ ವಿಕಂಬ್ ಊರಿನಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಮೂಗು ಗಂಟಲಿನ ವೈದ್ಯೆಯಿದ್ದರು. ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಮರಗೆಲಸದವರಲ್ಲಿ ಮತ್ತೆ ಮತ್ತೆ ಬರುತ್ತಿರುವುದನ್ನು ಅವರು ಗಮನಿಸಿದರು. ಅವರೂ ಆಕ್ಸ್‌ಫರ್ಡಿನ ವೈದ್ಯರೂ ಸೇರಿ 1968ರಲ್ಲಿ ಅದನ್ನು ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ರೋಗಿಯ ಕಸುಬಿನ ಕಡೆ ಕಣ್ಣು ಹಾಯಿಸಿದ ಒಬ್ಬ ವೈದ್ಯೆಯಿಂದ ಎಷ್ಟು ದೂರ ಬಂದೆವು ನೋಡಿ.

ತಮ್ಮನಿಗೆ ಈ ಕಥೆಯನ್ನೆಲ್ಲ ಹೇಳುವ ಬದಲು, ಬಿಳಿ ಕರವಸ್ತ್ರವೊಂದನ್ನು ಒದ್ದೆ ಮಾಡಿ, ಉಬ್ಬಿದ ಚೀಲದ ಹೊರಗೆ ಹತ್ತು ನಿಮಿಷ ಹಿಡಿದೆ. ಕರವಸ್ತ್ರ ಕಂದಾಯಿತು. ಅವನ ನಗು ನಿಂತಿತು.

ಚೀಲದ ಮೇಲಿನ ಚೀಟಿಯಲ್ಲಿ 30 ಮೈಕ್ರಾನ್ ಎಂದಿತ್ತು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಎದೆಯ ಆಳಕ್ಕೆ ಇಳಿಯುವ ಪುಡಿ 10 ಮೈಕ್ರಾನಿಗೂ ಕಡಿಮೆ. ಅಂದರೆ ಆ ತೆಳು ನೇಯ್ಗೆಯ ಚೀಲ ಕಣ್ಣಿಗೆ ಕಾಣುವ ಹೊಟ್ಟನ್ನು ಹಿಡಿದುಕೊಂಡು, ಅಪಾಯದ ಪುಡಿಯನ್ನು ಸೋಸಿ ಮನೆಗೆಲ್ಲ ಹಂಚುತ್ತಿತ್ತು. ನೆಲ ಚೊಕ್ಕಟ, ಗಾಳಿ ಹೊಲಸು. ಗುಡಿಸುವುದು ಉಳಿಯಿತೆಂದು ನಾವು ಸಮಾಧಾನಪಟ್ಟುಕೊಂಡಿದ್ದೆವು.

ಆ ವಾರವೇ ಇಬ್ಬರೂ ಕೂತು ಬೇರೆ ಚೀಲ ಆರಿಸಿದೆವು. ನೇಯ್ದ ಬಟ್ಟೆಯ ಬದಲು ಕಂಬಳಿಯಂತೆ ಒತ್ತಾಗಿರುವ ಪಾಲಿಯೆಸ್ಟರ್ ಫೆಲ್ಟ್, 1 ಮೈಕ್ರಾನಿನದು. ಒತ್ತು ಹೆಚ್ಚಿದಷ್ಟೂ ಗಾಳಿ ಹೊರಹೋಗುವುದು ಕಷ್ಟ. ಗಾಳಿ ಕಟ್ಟಿದರೆ ಯಂತ್ರದ ಎಳೆತ ಕುಗ್ಗಿ, ಗರಗಸದ ಬಳಿಯೇ ಧೂಳು ಉಳಿಯುತ್ತದೆ. ಅದಕ್ಕೆಂದು ಮೊದಲಿನದಕ್ಕಿಂತ ಉದ್ದನೆಯ, ಅಗಲವಾದ ಚೀಲವನ್ನೇ ತರಿಸಿದೆವು. ದುಡ್ಡು ಎರಡರಷ್ಟಾಯಿತು. ಆಗಾಗ ಒಗೆಯುವ ಹಾಗಿಲ್ಲ. ಯಂತ್ರ ನಿಲ್ಲಿಸಿ, ಹೊರಗಿನಿಂದ ಮೆಲ್ಲಗೆ ತಟ್ಟಿ ಹೆಚ್ಚಿನ ಪುಡಿ ಉದುರಿಸಿದರೆ ಸಾಕು. ಉಪ್ಪುಕಾಗದದ ಕೆಲಸಕ್ಕೆ ಮುಖಕ್ಕೆ ಮಾಸ್ಕೂ ಬೇಕೇಬೇಕು. 2020ರ ಕೊರೋನಾ ಕಳೆದ ಮೇಲೆ ಮಾಸ್ಕ್ ಹಾಕಿಕೊಂಡರೆ ಗಿರಾಕಿ ಏನಂದುಕೊಂಡಾನೆಂಬ ನಾಚಿಕೆ ಯಾರಿಗೂ ಉಳಿದಿಲ್ಲ.

ಚೀಲ ಕಟ್ಟಿದ ಮೊದಲ ದಿನ ತಮ್ಮ ಫೋನು ಮಾಡಿ, "ಹೊಸದೂ ಸ್ವಲ್ಪ ಧೂಳು ಬಿಡ್ತಾ ಇದೆಯಲ್ಲಕ್ಕ" ಎಂದ. "ಬಾಗಿಲು ತೆಗೆದಿಟ್ಟುಕೋ, ಮಾಸ್ಕ್ ತೆಗೀಬೇಡ, ಎರಡು ದಿನ ಹೋಗ್ಲಿ" ಎಂದೆ. ಗಿರಣಿಯವನ ಮಾತು ಸುಳ್ಳಾಗಲಿಲ್ಲ. ಮೊನ್ನೆ ಯುಗಾದಿಗೆ ಹೋದಾಗ ಅಟ್ಟ ಹತ್ತಿ ಪಾತ್ರೆಗಳ ಮೇಲೆ ಬೆರಳು ಸವರಿದೆ. ಏನೂ ಅಂಟಲಿಲ್ಲ. ಕೆಳಗೆ ತಮ್ಮ ಅಪ್ಪನ ಹತ್ತರಿಗೆ ಎಣ್ಣೆ ಹಚ್ಚುತ್ತಿದ್ದ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕಿವಿಗೊಟ್ಟೆ. ಅವನು ಕೆಮ್ಮಲಿಲ್ಲ.