ಹೆರಿಗೆಯ ಭಂಗಿ: ಇಟ್ಟಿಗೆಯಿಂದ ಮಂಚದವರೆಗೆ



ಹೆರಿಗೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಆಸ್ಪತ್ರೆಯ ಮಂಚ, ಅದರ ಮೇಲೆ ಅಂಗಾತ ಮಲಗಿದ ಹೆಂಗಸು, ಕಾಲ ಬಳಿ ವೈದ್ಯರು. ಇದು ಅನಾದಿಕಾಲದ ಪದ್ಧತಿಯೆಂದು ನೀವು ಭಾವಿಸಿದ್ದರೆ, ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ.

ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ಹೆರಿಗೆಯನ್ನು ಸೂಚಿಸುವ ಚಿಹ್ನೆ ಮಂಡಿಯೂರಿದ ಹೆಂಗಸಿನದು. ಅಲ್ಲಿನ ಸ್ತ್ರೀಯರು ಇಟ್ಟಿಗೆಗಳ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹೆರುತ್ತಿದ್ದರು. ಸುಮಾರು 3,700 ವರ್ಷ ಹಳೆಯದಾದ ಅಂಥದೊಂದು ಇಟ್ಟಿಗೆ 2001ರಲ್ಲಿ ಅಬೈಡಾಸ್ ಎಂಬಲ್ಲಿ ಉತ್ಖನನಕಾರರಿಗೆ ದೊರೆಯಿತು. ತಾಯಿ ಮತ್ತು ಹಸುಗೂಸಿನ ಬಣ್ಣದ ಚಿತ್ರ ಅದರ ಮೇಲಿದೆ. ಯೂರೋಪಿನಲ್ಲಿ ಹೆರಿಗೆಗೆಂದೇ ಮಾಡಿದ ಪೀಠ ಬಳಕೆಯಲ್ಲಿತ್ತು. ಜರ್ಮನಿಯ ಯೂಕೇರಿಯಸ್ ರೋಸ್ಲಿನ್ 1513ರಲ್ಲಿ ಸೂಲಗಿತ್ತಿಯರಿಗಾಗಿ ಪ್ರಕಟಿಸಿದ ಪುಸ್ತಕದಲ್ಲಿ ಅದರ ಚಿತ್ರವಿದೆ.

ಹಾಗಾದರೆ ಹೆಂಗಸು ಮಂಚದ ಮೇಲೆ ಮಲಗಿದ್ದು ಯಾವಾಗ? ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಪುರುಷ ಶಸ್ತ್ರವೈದ್ಯರು ಹೆರಿಗೆಯ ಕೋಣೆಗೆ ಹೆಚ್ಚು ಹೆಚ್ಚಾಗಿ ಕಾಲಿಟ್ಟರು. ಅವರಲ್ಲಿ ಪ್ರಸಿದ್ಧನಾದ ಫ್ರಾಂಸ್ವಾ ಮೋರಿಸೋ 1668ರ ತನ್ನ ಗ್ರಂಥದಲ್ಲಿ ಪೀಠಕ್ಕಿಂತ ಹಾಸಿಗೆಯೇ ಲೇಸು ಎಂದು ಸಲಹೆ ಮಾಡಿದ. ಹೆತ್ತ ಬಳಿಕ ಬಾಣಂತಿಯನ್ನು ಎತ್ತಿ ಸಾಗಿಸುವ ತೊಂದರೆ ಇದರಿಂದ ತಪ್ಪುತ್ತಿತ್ತು. ಮುಂದೆ ಫೋರ್ಸೆಪ್ಸ್ ಎಂಬ ಇಕ್ಕಳದ ಬಳಕೆ ಹಬ್ಬಿದಾಗ, ಮಲಗಿದ ಭಂಗಿ ವೈದ್ಯರಿಗೆ ಇನ್ನಷ್ಟು ಅನುಕೂಲವಾಯಿತು. ಅನುಕೂಲವೇ ಕ್ರಮೇಣ ನಿಯಮವಾಯಿತು.

ಇನ್ನು ವಿಜ್ಞಾನ ಏನೆನ್ನುತ್ತದೆ ನೋಡೋಣ. ತುಂಬು ಗರ್ಭಿಣಿ ಅಂಗಾತ ಮಲಗಿದಾಗ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ. ಇದರಿಂದ ಮಗುವಿಗೆ ತಲುಪುವ ರಕ್ತವೂ ಕಡಿಮೆಯಾಗಬಹುದು. ನೆಟ್ಟಗಿದ್ದಾಗ ಭೂಮಿಯ ಗುರುತ್ವಾಕರ್ಷಣೆ ನೆರವಿಗೆ ಬರುತ್ತದೆ. 25 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನಡೆಸಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಹೆರಿಗೆಯ ಮೊದಲ ಹಂತದಲ್ಲಿ ನಿಂತು, ನಡೆದಾಡಿಕೊಂಡಿದ್ದವರಲ್ಲಿ ಆ ಹಂತ ಸುಮಾರು 1 ಗಂಟೆ 22 ನಿಮಿಷ ಮೊಟಕಾಗಿತ್ತು.

ಹಾಗೆಂದು ಹಳೆಯದೆಲ್ಲವೂ ಸರಿ ಎಂದು ತೀರ್ಮಾನಿಸಬೇಡಿ. ಮಗು ಹೊರಬರುವ ಹಂತದಲ್ಲಿ ನೆಟ್ಟಗಿದ್ದರೆ ರಕ್ತಸ್ರಾವ ತುಸು ಹೆಚ್ಚಾಗುವ ಸಂಭವವುಂಟು. ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಮದ್ದು ಪಡೆದ ಚೊಚ್ಚಲ ಗರ್ಭಿಣಿಯರಲ್ಲಿ, ನೆಟ್ಟಗಿದ್ದವರಿಗಿಂತ ಮಗ್ಗುಲಾಗಿ ಮಲಗಿದವರಿಗೇ ಸಹಜ ಹೆರಿಗೆ ಹೆಚ್ಚೆಂದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಎಲ್ಲರಿಗೂ ಒಂದೇ ಭಂಗಿ ಹೊಂದುವುದಿಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ, ತನಗೆ ಹಿತವಾದ ಭಂಗಿಯನ್ನು ಹೆರುವವಳೇ ಆರಿಸಿಕೊಳ್ಳಲು ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತು.

ನಿಮ್ಮ ಅಜ್ಜಿಯನ್ನೋ ಮುತ್ತಜ್ಜಿಯನ್ನೋ ಒಮ್ಮೆ ಕೇಳಿ ನೋಡಿ: ಅವರ ಕಾಲದಲ್ಲಿ ಸೂಲಗಿತ್ತಿ ಏನು ಹೇಳುತ್ತಿದ್ದಳು? ಕೇಳಿದ್ದನ್ನು ಬರೆದಿಡಿ. ಯಾವುದೇ ರೂಢಿಯನ್ನು ಕಂಡಾಗಲೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಯಾರ ಅನುಕೂಲಕ್ಕಾಗಿ ಹುಟ್ಟಿತು? ಇತಿಹಾಸದ ಓದು ಅಲ್ಲಿಂದಲೇ ಆರಂಭವಾಗುತ್ತದೆ.