ಕುಲಕರ್ಣಿಯ ದಫ್ತರದಿಂದ ಗಣಕ ಪರೀಕ್ಷೆಯವರೆಗೆ: ಬೆಳಗಾವಿ–ಖಾನಾಪುರ ಪ್ರದೇಶದಲ್ಲಿ ಕಚೇರಿ ಸಿಬ್ಬಂದಿಯ ವೃತ್ತಿ ತರಬೇತಿ

ಪೀಠಿಕೆ

ಆಡಳಿತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಸರು, ಕಲೆಕ್ಟರರು ಮತ್ತು ಕಾಯ್ದೆಗಳ ಸುತ್ತ ನಿಲ್ಲುತ್ತಾರೆ. ಆಜ್ಞೆಯನ್ನು ಕರಡು ಮಾಡಿದ, ಪ್ರತಿ ತೆಗೆದ, ಕಡತದಲ್ಲಿ ಸೇರಿಸಿ ಬೇಕಾದಾಗ ಹುಡುಕಿಕೊಟ್ಟ ಕಾರಕೂನ, ಶೀಘ್ರಲಿಪಿಗಾರ, ಬೆರಳಚ್ಚುಗಾರ ಮತ್ತು ಆಪ್ತ ಸಹಾಯಕರು ತಮ್ಮ ಕೆಲಸವನ್ನು ಎಲ್ಲಿ, ಯಾರಿಂದ, ಯಾವ ಕ್ರಮದಲ್ಲಿ ಕಲಿತರೆಂಬ ಪ್ರಶ್ನೆ ಕನ್ನಡದಲ್ಲಿ ವಿರಳವಾಗಿ ಚರ್ಚೆಗೆ ಬಂದಿದೆ. ಈ ಪ್ರಶ್ನೆಗೆ ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕು ಅನುಕೂಲವಾದ ಅಧ್ಯಯನ ಕ್ಷೇತ್ರಗಳಾಗಿವೆ. ಪೇಶ್ವೆಯರ ಕಾಲದ ಮರಾಠಿ ಬರವಣಿಗೆ, ಮುಂಬಯಿ ಪ್ರಾಂತದ ಇಂಗ್ಲಿಷ್ ಕಚೇರಿ, 1956ರ ನಂತರದ ಕನ್ನಡ ಆಡಳಿತ ಈ ಮೂರೂ ಇಲ್ಲಿ ಒಂದರ ಮೇಲೊಂದು ಬಂದು ಕೂತಿವೆ. ಮಲಪ್ರಭೆಯ ಉಗಮಸ್ಥಾನವೂ ಗೋವಾ ಗಡಿಗೆ ಅಂಟಿದ ಊರೂ ಆದ ಕಣಕುಂಬಿಯಂಥ ಗ್ರಾಮದಲ್ಲಿ ಮನೆಯ ಮಾತು ಮರಾಠಿ ಅಥವಾ ಕೊಂಕಣಿಯಾಗಿದ್ದು ಕಚೇರಿಯ ಬರಹ ಕನ್ನಡವಾಗಿರುವುದರಿಂದ, ಅಲ್ಲಿನ ಸಿಬ್ಬಂದಿಯ ನಿಜವಾದ ಅರ್ಹತೆ ಯಾವುದೆಂಬುದು ಬೇರೆಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ತರಬೇತಿಯ ಸ್ಥಳವು ಮನೆಯಿಂದ ಶಾಲೆಗೆ, ಶಾಲೆಯಿಂದ ಖಾಸಗಿ ಟೈಪಿಂಗ್ ಸಂಸ್ಥೆಗೆ, ಅಲ್ಲಿಂದ ಗಣಕಯಂತ್ರದ ಕೋಣೆಗೆ ಸಾಗಿದಂತೆಲ್ಲ ಪರೀಕ್ಷೆಗೆ ಒಳಪಡಿಸಿದ ಕೌಶಲ ಬದಲಾಗಿದೆ. ಆದರೆ ಜನರ ಮಾತನ್ನು ಕೇಳಿಸಿಕೊಂಡು ಅದನ್ನು ಕಚೇರಿಯ ಭಾಷೆಗೆ ತಪ್ಪಿಲ್ಲದೆ ತರುವ ಮೂಲ ಕೆಲಸವು ಯಾವ ಘಟ್ಟದಲ್ಲೂ ಪಠ್ಯಕ್ರಮದ ವಿಷಯವಾಗಲಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ಪ್ರಾಚೀನ ಹಿನ್ನೆಲೆ

ಬರಹಗಾರನ ಅರ್ಹತೆಯನ್ನು ಶಾಸ್ತ್ರವಾಗಿ ನಿರೂಪಿಸಿದ ಪ್ರಾಚೀನ ಭಾರತೀಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯವಾದುದು. ರಾಜಶಾಸನಗಳನ್ನು ಕುರಿತ ಅದರ ಅಧ್ಯಾಯವು ಲೇಖಕನಿಗೆ ಅಮಾತ್ಯನ ಗುಣಗಳಿರಬೇಕು, ಅವನು ಬೇಗ ವಾಕ್ಯ ರಚಿಸಬಲ್ಲವನೂ ಸುಂದರ ಅಕ್ಷರದವನೂ ಬರಹವನ್ನು ಓದಲು ಸಮರ್ಥನೂ ಆಗಿರಬೇಕು ಎಂದು ವಿಧಿಸುತ್ತದೆ. ಬರಹಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳನ್ನು ಹೇಳುತ್ತದೆ. ಇಲ್ಲಿ ವೇಗವು ಲೇಖಕನ ಅನೇಕ ಗುಣಗಳಲ್ಲಿ ಒಂದು ಮಾತ್ರ, ಬರಹದ ಗುಣಗಳು ಹೆಚ್ಚಾಗಿ ಅರ್ಥಕ್ಕೆ ಸಂಬಂಧಿಸಿದವು ಎಂಬುದು ಮುಂದಿನ ಚರ್ಚೆಗೆ ಮಹತ್ವದ್ದಾಗಿದೆ.

ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಆರಂಭಕಾಲದ ಕದಂಬರ ತಾಮ್ರಪಟಗಳು, 19ನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅವರಿಂದ ಸಂಪಾದಿತವಾಗಿ ಪ್ರಕಟವಾದವು. ದಾನ ಕೊಟ್ಟವರು, ಪಡೆದವರು, ಭೂಮಿಯ ಗುರುತು, ಶಾಪವಾಕ್ಯ ಮುಂತಾದ ಅಂಗಗಳನ್ನು ನಿಗದಿತ ಕ್ರಮದಲ್ಲಿ ಜೋಡಿಸುವ ಬರವಣಿಗೆಯ ಶಿಸ್ತು ಈ ನೆಲದಲ್ಲಿ ಆಗಲೇ ನೆಲೆಗೊಂಡಿತ್ತೆಂಬುದಕ್ಕೆ ಅವು ಸಾಕ್ಷಿ. ಚಾಲುಕ್ಯರ ಕಾಲದಲ್ಲಿ ಸಂಧಿವಿಗ್ರಹಿಯು, ಅಂದರೆ ಪರರಾಜ್ಯ ವ್ಯವಹಾರಗಳ ಅಧಿಕಾರಿಯು, ಶಾಸನಗಳ ಕರಡನ್ನೂ ರಚಿಸುತ್ತಿದ್ದನು. ಗ್ರಾಮಮಟ್ಟದಲ್ಲಿ ಸೇನಬೋವನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದನು. ಮುಂದೆ ಮೈಸೂರು ಸೀಮೆಯಲ್ಲಿ ಶಾನುಭೋಗ, ಬೆಳಗಾವಿ ಸೀಮೆಯಲ್ಲಿ ಕುಲಕರ್ಣಿ ಎಂಬ ಹೆಸರುಗಳಲ್ಲಿ ಇದೇ ಸ್ವರೂಪದ ಗ್ರಾಮಲೇಖಕ ವೃತ್ತಿ ಮುಂದುವರಿಯಿತು.

ವಂಶಪಾರಂಪರ್ಯದ ಕಲಿಕೆ

1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ವಶವಾದಾಗ ಅವರಿಗೆ ಎದುರಾದುದು ಕುಲಕರ್ಣಿ ಮನೆತನಗಳ ಕೈಯಲ್ಲಿದ್ದ ದಫ್ತರಗಳು. ದಫ್ತರವೆಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಗ್ರಾಮದ ಲೆಕ್ಕದ ಕಾಗದಗಳ ಕಟ್ಟು. ಅದರಲ್ಲಿದ್ದ ಬರವಣಿಗೆಯ ದೊಡ್ಡ ಭಾಗ ಮೋಡಿ ಲಿಪಿಯಲ್ಲಿತ್ತು. ಲೇಖನಿಯನ್ನು ಹೆಚ್ಚು ಎತ್ತದೆ ವೇಗವಾಗಿ ಬರೆಯಲು ಅನುಕೂಲವಾದ ಈ ಲಿಪಿ ಮರಾಠಿ ಆಡಳಿತದ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಕುಲಕರ್ಣಿಯ ಮಗನು ಗಾವಠಿ ಶಾಲೆಯಲ್ಲಿ ಅಕ್ಷರವನ್ನೂ ಪಾವಕಿ, ನಿಮಕಿ, ಸವಾಯಕಿ ಎಂಬ ಭಿನ್ನರಾಶಿಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿ, ಉಳಿದುದನ್ನು ತಂದೆಯ ಪಕ್ಕದಲ್ಲಿ ಚಾವಡಿಯಲ್ಲಿ ಕೂತು ಕಲಿಯುತ್ತಿದ್ದನು. ಪ್ರಮಾಣಪತ್ರವಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ವತನ, ಅಂದರೆ ಸೇವೆಗೆ ಪ್ರತಿಯಾಗಿ ಮನೆತನಕ್ಕೆ ಸಂದ ಭೂಮಿ ಮತ್ತು ಹಕ್ಕು, ಅರ್ಹತೆಯ ಸ್ಥಾನದಲ್ಲಿ ನಿಂತಿತ್ತು.

ಈ ಪದ್ಧತಿಯ ಬಲ ಮತ್ತು ದೋಷಗಳೆರಡೂ ಒಂದೇ ಮೂಲದಿಂದ ಹುಟ್ಟಿದವು. ಊರಿನ ಪ್ರತಿ ಹೊಲದ ಗಡಿಯನ್ನೂ ಪ್ರತಿ ಮನೆಯ ಮಾತನ್ನೂ ಬಲ್ಲವನೇ ಬರಹಗಾರನಾದುದರಿಂದ ದಾಖಲೆಗೂ ವಾಸ್ತವಕ್ಕೂ ಇರುವ ದೂರ ಅವನಿಗೆ ಗೊತ್ತಿರುತ್ತಿತ್ತು. ಆದರೆ ಆ ಲಿಪಿಯನ್ನು ಓದಬಲ್ಲವರು ಕೆಲವರೇ ಆದುದರಿಂದ ಆ ದೂರವನ್ನು ಪ್ರಶ್ನಿಸುವ ಶಕ್ತಿ ರೈತನಿಗಿರಲಿಲ್ಲ. ವಂಶಪಾರಂಪರ್ಯದ ಹುದ್ದೆಗಳನ್ನು 1874ರ ಮುಂಬಯಿ ಕಾಯ್ದೆ ನಿಯಮಬದ್ಧಗೊಳಿಸಿತಾದರೂ ರದ್ದುಮಾಡಲಿಲ್ಲ. ಕುಲಕರ್ಣಿ ವತನಗಳು ಕಾನೂನಿನಂತೆ ಕೊನೆಗೊಂಡದ್ದು ಸ್ವಾತಂತ್ರ್ಯಾನಂತರದ 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆಯಿಂದ.

ಪರೀಕ್ಷೆಯ ಯುಗ: ಮುಂಬಯಿ ಪ್ರಾಂತದ ಕಚೇರಿ

1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ನಗರದಲ್ಲಿ ಕಲೆಕ್ಟರರ ಕಚೇರಿ ಬೆಳೆಯಿತು. ಅಲ್ಲಿ ದೇಶಭಾಷೆಯ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಚಿಟ್ನೀಸನು ಇಂದಿನ ಆಪ್ತ ಕಾರ್ಯದರ್ಶಿಯ ಪೂರ್ವರೂಪವೆನ್ನಬಹುದು. ತಾಲೂಕು ಮಟ್ಟದಲ್ಲಿ ಮಾಮಲೇದಾರ, ಅವನ ಕೈಕೆಳಗೆ ಮುಖ್ಯ ಗುಮಾಸ್ತನಾದ ಅವ್ವಲ ಕಾರಕೂನ, ಗ್ರಾಮಮಟ್ಟದಲ್ಲಿ ಕುಲಕರ್ಣಿ ಅಥವಾ ಸಂಬಳದ ತಲಾಠಿ ಎಂಬ ಶ್ರೇಣಿ ರೂಪುಗೊಂಡಿತು. ಈ ಹೆಸರುಗಳು ಖಾನಾಪುರದ ಆಡುಮಾತಿನಲ್ಲಿ ಇಂದಿಗೂ ಉಳಿದಿವೆ.

ಈ ಶ್ರೇಣಿಯ ಕೆಳಹಂತಕ್ಕೆ ಬಾಗಿಲಾದುದು ಮುಲ್ಕಿ ಪರೀಕ್ಷೆ. ಪ್ರಾಥಮಿಕ ಶಾಲೆಯ ಕೊನೆಯ ಇಯತ್ತೆಯ ಈ ಸಾರ್ವಜನಿಕ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಶಿಕ್ಷಕನೋ ತಲಾಠಿಯೋ ಆಗಬಹುದಿತ್ತು. ಹುಟ್ಟಿನ ಬದಲು ಅಂಕಗಳು ಅರ್ಹತೆಯಾದುದು ಇಲ್ಲಿಂದಲೇ. ಆದರೆ ಪರೀಕ್ಷೆ ಯಾವ ಭಾಷೆಯಲ್ಲಿ ಎಂಬುದು ಈ ಜಿಲ್ಲೆಯಲ್ಲಿ ಸರಳವಾಗಿರಲಿಲ್ಲ. ಆರಂಭದ ಸರಕಾರಿ ಶಾಲೆಗಳು ಕನ್ನಡ ಪ್ರದೇಶದಲ್ಲೂ ಮರಾಠಿಯಲ್ಲಿ ಕಲಿಸುತ್ತಿದ್ದವು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್, ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪ ಮೊದಲಾದವರ ಶ್ರಮದಿಂದ ಕನ್ನಡ ಶಾಲೆಗಳು ಹೆಚ್ಚಿದ ಮೇಲೆಯೇ ಕನ್ನಡದಲ್ಲಿ ಓದಿದವನಿಗೂ ಕಚೇರಿಯ ದಾರಿ ತೆರೆಯಿತು. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯಂಥ ಸಂಸ್ಥೆಗಳು ಈ ದಾರಿಯನ್ನು ಪ್ರೌಢಶಿಕ್ಷಣ ಮತ್ತು ಕಾಲೇಜಿನ ಹಂತಕ್ಕೆ ಒಯ್ದವು.

ನೌಕರಿಗೆ ಸೇರಿದ ಮೇಲಿನ ತರಬೇತಿಗೆ ಪಠ್ಯಪುಸ್ತಕದಂತೆ ಒದಗಿದ್ದು ಕಂದಾಯ ಲೆಕ್ಕಗಳ ಕೈಪಿಡಿ. ಎಫ್.ಜಿ.ಎಚ್. ಆಂಡರ್ಸನ್ ಸಿದ್ಧಪಡಿಸಿದ ಈ ಕೈಪಿಡಿಯು ಗ್ರಾಮದ ಪ್ರತಿ ಲೆಕ್ಕಕ್ಕೂ ಸಂಖ್ಯೆಯುಳ್ಳ ನಮೂನೆಯನ್ನು ನಿಗದಿಗೊಳಿಸಿತು. ಭೂಹಿಡುವಳಿಯ ಏಳನೆಯ ನಮೂನೆ ಮತ್ತು ಬೆಳೆಯ ಹನ್ನೆರಡನೆಯ ನಮೂನೆ ಸೇರಿ ಆದ ‘ಸಾತ್‌ಬಾರಾ’ ಉತಾರವು ಇದೇ ವ್ಯವಸ್ಥೆಯ ಫಲ. ಕುಲಕರ್ಣಿಯ ಮನೆಯಲ್ಲಿ ನೆನಪಾಗಿದ್ದುದು ಈಗ ನಮೂನೆಯ ಅಂಕಣವಾಯಿತು. ಮಾಮಲೇದಾರನು ತಪಾಸಣೆಗೆ ಬಂದಾಗ ಯಾವ ಅಂಕಣ ಖಾಲಿಯಿದೆಯೆಂದು ಒಂದೇ ನೋಟಕ್ಕೆ ತಿಳಿಯಬಹುದಿತ್ತು. ತರಬೇತಿಯೆಂದರೆ ನಮೂನೆಯನ್ನು ಸರಿಯಾಗಿ ತುಂಬುವ ಅಭ್ಯಾಸ ಎಂಬ ಗ್ರಹಿಕೆ ಈ ಅವಧಿಯ ಕೊಡುಗೆಯಾಗಿದ್ದು, ಅದು ಮುಂದಿನ ಎಲ್ಲ ಘಟ್ಟಗಳಲ್ಲೂ ಉಳಿದುಬಂದಿತು.

ಯಂತ್ರ ಮತ್ತು ವೇಗ

ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿ ಮತ್ತು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದ ಬೆರಳಚ್ಚು ಯಂತ್ರ ಜಗತ್ತಿನ ಕಚೇರಿಗಳ ಸ್ವರೂಪವನ್ನೇ ಬದಲಿಸಿದವು. ಶೀಘ್ರಲಿಪಿಯೆಂದರೆ ಅಕ್ಷರಗಳ ಬದಲು ಧ್ವನಿಗಳಿಗೆ ಗೆರೆ, ಚುಕ್ಕೆ, ಕೊಕ್ಕೆಗಳನ್ನು ಗೊತ್ತುಪಡಿಸಿ ಆಡಿದ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಳ್ಳುವ ವಿಧಾನ. ಈ ಎರಡು ಕೌಶಲಗಳಿಗೆ ಮನೆತನವೂ ಬೇಡ, ಊರಿನ ಪರಿಚಯವೂ ಬೇಡ. ಬೇಕಾದುದು ಕೆಲವು ತಿಂಗಳ ನಿಯತ ಅಭ್ಯಾಸ ಮತ್ತು ಅಳೆಯಬಹುದಾದ ವೇಗ. ನಿಮಿಷಕ್ಕೆ ಇಷ್ಟು ಪದಗಳೆಂಬ ಅಳತೆ ಇಂದಿಗೂ ನೇಮಕಾತಿಯ ಆಧಾರವಾಗಿದೆ: ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗವು ಶೀಘ್ರಲಿಪಿಗಾರರ ‘ಸಿ’ ಶ್ರೇಣಿಗೆ ನಿಮಿಷಕ್ಕೆ 100 ಪದ, ‘ಡಿ’ ಶ್ರೇಣಿಗೆ 80 ಪದಗಳ ವೇಗದಲ್ಲಿ 10 ನಿಮಿಷದ ಉಕ್ತಲೇಖನವನ್ನು ಪರೀಕ್ಷೆಗೆ ಇಟ್ಟಿದೆ.

ಕನ್ನಡಕ್ಕೆ ಈ ಯಂತ್ರವನ್ನು ಹೊಂದಿಸುವುದು ಸುಲಭವಾಗಿರಲಿಲ್ಲ. ಇಂಗ್ಲಿಷಿನ 26 ಅಕ್ಷರಗಳಿಗಾಗಿ ರೂಪಿಸಿದ ಕೀಲಿಗಳ ಸಾಲಿನಲ್ಲಿ ಕನ್ನಡದ ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆ ಮತ್ತು ಒತ್ತಕ್ಷರಗಳನ್ನು ಕೂರಿಸಬೇಕಿತ್ತು. ಒತ್ತು ಗೆರೆಯ ಕೆಳಗೆ ಬೀಳಬೇಕಾದುದರಿಂದ ಕೆಲವು ಕೀಲಿಗಳನ್ನು ಒತ್ತಿದಾಗ ಕಾಗದ ಹಿಡಿದ ಉರುಳೆ ಮುಂದೆ ಸರಿಯದಂತೆ ಏರ್ಪಡಿಸಬೇಕಿತ್ತು. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಅನಂತ ಸುಬ್ಬರಾವ್ ಅವರಿಗೆ ಸಲ್ಲುತ್ತದೆ. ಯಂತ್ರ ಸಿದ್ಧವಾದ ಮೇಲೆ ಅದನ್ನು ನಡೆಸುವವರ ಅಗತ್ಯ ಬಿದ್ದಿತು. ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಕನ್ನಡ ಮತ್ತು ಇಂಗ್ಲಿಷ್ ಬೆರಳಚ್ಚು ಹಾಗೂ ಶೀಘ್ರಲಿಪಿಗಳಿಗೆ ಜೂನಿಯರ್, ಸೀನಿಯರ್ ಮುಂತಾದ ದರ್ಜೆಗಳ ವಾಣಿಜ್ಯ ಪರೀಕ್ಷೆಗಳನ್ನು ನಡೆಸಿತು. ಈ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಸಿದ್ಧಪಡಿಸಿದವರು ಬಹುಪಾಲು ಖಾಸಗಿ ವಾಣಿಜ್ಯ ಸಂಸ್ಥೆಗಳ ಶಿಕ್ಷಕರು.

ಈ ಘಟ್ಟದ ಸಾಮಾಜಿಕ ಪರಿಣಾಮ ಗಮನಾರ್ಹವಾದುದು. ಮಾಸಿಕ ಶುಲ್ಕ ಕೊಡಬಲ್ಲ ಯಾವ ಜಾತಿಯ, ಯಾವ ಮಾತಿನ ವಿದ್ಯಾರ್ಥಿಯೂ ಯಂತ್ರದ ಮುಂದೆ ಕೂರಬಹುದಾಯಿತು. ಕುಲಕರ್ಣಿಯ ಚಾವಡಿಯಲ್ಲಿ ಸ್ಥಾನವಿರದಿದ್ದ ಹೆಣ್ಣುಮಕ್ಕಳಿಗೆ ಕಚೇರಿಯ ನೌಕರಿಗೆ ಹೋಗುವ ಗೌರವದ ದಾರಿ ತೆರೆಯಿತು. ರಾಜ್ಯದ ಪಾಲಿಟೆಕ್ನಿಕ್‌ಗಳಲ್ಲಿ, ವಿಶೇಷವಾಗಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಶೀಘ್ರಲಿಪಿ, ಬೆರಳಚ್ಚು, ಲೆಕ್ಕಪತ್ರ ಮತ್ತು ಕಚೇರಿ ನಿರ್ವಹಣೆ ಕಲಿಸುವ ವಾಣಿಜ್ಯ ಕೌಶಲದ ಡಿಪ್ಲೊಮಾ ಆರಂಭವಾದದ್ದು ಇದೇ ಪ್ರವಾಹದ ಮುಂದುವರಿಕೆ. ಪ್ರಾಚೀನರು ಹೇಳಿದ ಬರಹದ ಆರು ಗುಣಗಳಲ್ಲಿ ಸ್ಥಾನವನ್ನೇ ಪಡೆಯದಿದ್ದ ವೇಗವು ಮಾತ್ರ ಇಲ್ಲಿ ಅರ್ಹತೆಯ ಮುಖ್ಯ ಅಳತೆಯಾಯಿತು.

1956ರ ನಂತರ: ಭಾಷೆಯ ಬದಲಾವಣೆ

1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿ ಸಿಬ್ಬಂದಿಯ ಮುಂದೆ ದ್ವಿಮುಖ ಸಮಸ್ಯೆ ನಿಂತಿತು: ಮುಂಬಯಿಯ ನಿಯಮಗಳಿಂದ ಮೈಸೂರಿನ ನಿಯಮಗಳಿಗೆ ಹೊಂದಿಕೊಳ್ಳುವುದು ಒಂದು, ಕನ್ನಡದಲ್ಲಿ ಟಿಪ್ಪಣಿ ಬರೆಯುವುದು ಇನ್ನೊಂದು. 1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆಯಾಗಿಸಿತು; 1964ರ ಭೂಕಂದಾಯ ಕಾಯ್ದೆಯ ನಂತರ ಗ್ರಾಮಲೆಕ್ಕಿಗನ ಹುದ್ದೆ ಇಡೀ ರಾಜ್ಯಕ್ಕೆ ಸಮಾನವಾಯಿತು; ನೌಕರರಿಗೆ ಸೇವಾ ಪರೀಕ್ಷೆ ಮತ್ತು ಕನ್ನಡ ಭಾಷಾ ಪರೀಕ್ಷೆಗಳನ್ನು ವಿಧಿಸುವ ನಿಯಮಗಳು 1974ರಲ್ಲಿ ಬಂದವು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಹಾಗೂ ಜಿಲ್ಲಾ ತರಬೇತಿ ಸಂಸ್ಥೆಗಳು ನೌಕರಿಯಲ್ಲಿದ್ದವರಿಗೆ ಕಚೇರಿ ಕಾರ್ಯವಿಧಾನ, ಕಡತ ನಿರ್ವಹಣೆ, ಸೇವಾ ನಿಯಮಗಳ ಪಾಠ ಹೇಳಲು ತೊಡಗಿದವು.

ಕನ್ನಡದ ಪರೀಕ್ಷೆ ನ್ಯಾಯವಾದುದೇ. ಆಡಳಿತ ಭಾಷೆ ಬಾರದ ನೌಕರನಿಂದ ಜನರಿಗೆ ಉಪಯೋಗವಿಲ್ಲ. ಆದರೆ ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅರ್ಜಿ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಕಣಕುಂಬಿಯ ವೃದ್ಧೆಯೊಬ್ಬಳು ಮರಾಠಿಯಲ್ಲಿ ಹೇಳಿದ ವಾರಸಾ ತಕರಾರನ್ನು ಕೇಳಿಸಿಕೊಂಡು, ಅದನ್ನು ಕನ್ನಡದ ಕಂದಾಯ ಪರಿಭಾಷೆಗೆ ತಂದು, ಬರೆದುದನ್ನು ಮತ್ತೆ ಅವಳಿಗೆ ತಿಳಿಯುವಂತೆ ಓದಿ ಹೇಳಬೇಕಾದವನು ಅದೇ ಕೆಳದರ್ಜೆಯ ನೌಕರ. ಈ ಕೆಲಸಕ್ಕೆ ಪ್ರತ್ಯೇಕ ಪ್ರಶ್ನೆಪತ್ರಿಕೆಯಿಲ್ಲ; ಅದನ್ನು ಅವನು ಬಲ್ಲನೇ ಇಲ್ಲವೇ ಎಂಬುದು ಅವನ ಹುಟ್ಟೂರಿನ ಮೇಲೆ ನಿಂತಿರುತ್ತದೆ. ಅಂದರೆ ಪರೀಕ್ಷಾಪದ್ಧತಿ ಹೊರಹಾಕಿದ ಹುಟ್ಟಿನ ಅರ್ಹತೆ ಹಿಂಬಾಗಿಲಿನಿಂದ ಮರಳಿ ಬಂದಿದೆ.

ಗಣಕೀಕರಣ

2001ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿ ದಾಖಲೆಗಳು ಗಣಕಕ್ಕೆ ಸೇರಿದಾಗ ಗ್ರಾಮಲೆಕ್ಕಿಗರ ಕೈಬರಹದ ಅಧಿಕಾರ ಕೊನೆಗೊಂಡಿತು, ಅವರಲ್ಲಿಯೇ ಕೆಲವರು ತರಬೇತಿ ಪಡೆದು ತಾಲೂಕು ಕೇಂದ್ರಗಳಲ್ಲಿ ಗಣಕ ನಿರ್ವಾಹಕರಾದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶ ಮತ್ತು ಕೆ.ಪಿ. ರಾವ್ ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆ ವಿನ್ಯಾಸದಿಂದ ಬೆರಳಚ್ಚಿನ ದೀರ್ಘ ಅಭ್ಯಾಸದ ಅಗತ್ಯ ತಗ್ಗಿತು. 2011ರ ‘ಸಕಾಲ’ ಕಾಯ್ದೆ ಅಧಿಸೂಚಿತ ಸೇವೆಗಳ ಅರ್ಜಿಗಳಿಗೆ ಕಾಲಮಿತಿ ಹಾಕಿತು. 2012ರ ನಿಯಮಗಳು ಗಣಕ ಸಾಕ್ಷರತಾ ಪರೀಕ್ಷೆಯನ್ನು ನೌಕರರಿಗೆ ಕಡ್ಡಾಯಗೊಳಿಸಿದವು. ಅದೇ ವರ್ಷ ಅಕ್ಟೋಬರ್ 11ರಂದು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದುದರಿಂದ ಅಧಿವೇಶನ ಕಾಲದ ಸಚಿವಾಲಯದ ಕೆಲಸಕ್ಕೂ ನಗರ ವೇದಿಕೆಯಾಯಿತು.

ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಕಾರ್ಯದರ್ಶಿ, ಕರವಸೂಲಿಗಾರ ಮತ್ತು ಡಾಟಾ ಎಂಟ್ರಿ ಆಪರೇಟರ್‌ಗಳು ಇಂದಿನ ಕಚೇರಿ ಸಿಬ್ಬಂದಿ. ಇವರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ತರಬೇತಿ ನೀಡುತ್ತದೆ. ಗಣಕದ ಪರದೆಯೂ ಆಂಡರ್ಸನ್ನನ ನಮೂನೆಯಂತೆ ಅಂಕಣ ತುಂಬಿತೇ ಎಂದಷ್ಟೇ ಕೇಳುತ್ತದೆ. ತುಂಬಿದ ಮಾತು ಅರ್ಜಿದಾರನ ಮಾತೇ ಎಂದು ಪರೀಕ್ಷಿಸುವುದಿಲ್ಲ.

ಉಪಸಂಹಾರ

ಎರಡು ಶತಮಾನಗಳ ಈ ಇತಿಹಾಸದಲ್ಲಿ ಲಾಭವೇ ಹೆಚ್ಚು. ಒಂದು ಮನೆತನದ ಗುಟ್ಟಾಗಿದ್ದ ವಿದ್ಯೆ ಎಲ್ಲರ ಕೈಗೆಟುಕಿದೆ, ದಾಖಲೆ ಓದಬಲ್ಲವರ ಸಂಖ್ಯೆ ಹಿಗ್ಗಿದೆ, ಹೆಣ್ಣುಮಕ್ಕಳು ಕಚೇರಿಯಲ್ಲಿ ಸ್ಥಾನ ಪಡೆದಿದ್ದಾರೆ. ಆದರೆ ತರಬೇತಿಯು ಮೊದಲು ನೆನಪನ್ನು, ನಂತರ ನಮೂನೆಯನ್ನು, ಆಮೇಲೆ ಬೆರಳಿನ ವೇಗವನ್ನು, ಈಗ ತಂತ್ರಾಂಶದ ಪರಿಚಯವನ್ನು ಅಳೆದಿದೆಯೇ ಹೊರತು ಕೇಳಿಸಿಕೊಳ್ಳುವ ಮತ್ತು ಸ್ಪಷ್ಟವಾಗಿ ಕರಡು ಮಾಡುವ ಸಾಮರ್ಥ್ಯವನ್ನು ಅಳೆದಿಲ್ಲ. ಧ್ವನಿಯನ್ನು ಬರಹವಾಗಿಸುವ ತಂತ್ರಾಂಶಗಳು ಬಂದಿರುವಾಗ ವೇಗದ ಪರೀಕ್ಷೆಯ ಬೆಲೆ ದಿನದಿನಕ್ಕೆ ಇಳಿಯುತ್ತಿದೆ, ಕೌಟಿಲ್ಯ ಹೇಳಿದ ಅರ್ಥಕ್ರಮ ಮತ್ತು ಸ್ಪಷ್ಟತೆಗಳ ಬೆಲೆ ಏರುತ್ತಿದೆ. ಆದಕಾರಣ ಗಡಿ ತಾಲೂಕುಗಳ ಕಚೇರಿ ಸಿಬ್ಬಂದಿಯ ತರಬೇತಿಯಲ್ಲಿ ಸರಳ ಕನ್ನಡದ ಕರಡು ರಚನೆಯನ್ನೂ, ಸ್ಥಳೀಯರ ಮಾತಿನಲ್ಲಿ ಹೇಳಿಕೆ ಪಡೆದು ಕನ್ನಡದಲ್ಲಿ ದಾಖಲಿಸಿ ಓದಿ ಹೇಳುವ ಅಭ್ಯಾಸವನ್ನೂ ಅಂಕಗಳುಳ್ಳ ವಿಷಯವಾಗಿ ಸೇರಿಸಬೇಕು. ಕನ್ನಡ ಆಡಳಿತ ಕಣಕುಂಬಿಯಂಥ ಊರಿನಲ್ಲಿ ಜನರ ವಿಶ್ವಾಸ ಗಳಿಸಬೇಕಾದರೆ ಅದಕ್ಕೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.