ಪೆಡಲಿನ ಎರಡು ಸಾಕ್ಷಿಗಳು



ಭೋಜದ ಹಳೆಯ ಜೀಪುಗಳಲ್ಲಿ ಎಕ್ಸಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಸರಳು ಇಲ್ಲವೇ ಕೇಬಲ್ ಇರುತ್ತಿತ್ತು. ಅದು ತುಂಡಾದರೆ ಕಣ್ಣಿಗೆ ಕಾಣುತ್ತಿತ್ತು. ಚಾಲಕನು ಹೇಗೋ ಕಟ್ಟಿಕೊಂಡು ನಿಪ್ಪಾಣಿಯನ್ನು ಮುಟ್ಟುತ್ತಿದ್ದನು. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಾರುಗಳಲ್ಲಿ ಕೇಬಲಿನ ಸ್ಥಾನಕ್ಕೆ ವಿದ್ಯುತ್ ಸಂಕೇತ ಬಂದಿತು. ನಮ್ಮ ದೇಶದಲ್ಲಿ 2017ರಲ್ಲಿ ಭಾರತ್ ಸ್ಟೇಜ್-4, 2020ರಲ್ಲಿ ಭಾರತ್ ಸ್ಟೇಜ್-6 ಹೊಗೆ ನಿಯಮಗಳು ಎಲ್ಲೆಡೆ ಜಾರಿಯಾದ ಮೇಲೆ ಸರಕು ಗಾಡಿಗಳಲ್ಲಿಯೂ ಈ ಪದ್ಧತಿ ವ್ಯಾಪಿಸಿತು.

ಕಳೆದ ಮಳೆಗಾಲದಲ್ಲಿ ವೇದಗಂಗೆಯ ಸೇತುವೆಯ ಮೇಲೆ ನಮ್ಮ ಪಿಕಪ್ ಎಷ್ಟು ಒತ್ತಿದರೂ ವೇಗ ಪಡೆಯಲಿಲ್ಲ. ಗ್ಯಾರೇಜೊಂದರಲ್ಲಿ ಯಂತ್ರ ತೋರಿದ ದೋಷಸಂಖ್ಯೆಯನ್ನು ನೋಡಿ, ಪೆಡಲನ್ನೇ ಬದಲಿಸಬೇಕೆಂದರು. ಮೆಕ್ಯಾನಿಕ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಡೆದನು.

“ಸರ್, ಇದರಾಗ ಎರಡು ಸೆನ್ಸರ್ ಅದಾವ್ರಿ. ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರಬೇಕ್ರಿ. ತಾಳೆ ಆಗದಿದ್ರ ಕಂಪ್ಯೂಟರ್ ಎಂಜಿನ್ ಶಕ್ತಿ ಕಡಿಮಿ ಮಾಡ್ತದ್ರಿ.”

ಮೀಟರ್ ಹಿಡಿದು ಪೆಡಲನ್ನು ಮೆಲ್ಲಗೆ ಒತ್ತಿದಾಗ ಎರಡೂ ಸರಿಯಾಗಿ ಏರಿದವು. ವೈರನ್ನು ಅಲುಗಿಸಿದಾಗ ಮಾತ್ರ ಒಂದು ತಟ್ಟನೆ ಬಿದ್ದಿತು. ಕನೆಕ್ಟರಿನಲ್ಲಿ ನೀರು ಸೇರಿ ಕಿಲುಬು ಹಿಡಿದಿತ್ತು. ಸ್ವಚ್ಛಗೊಳಿಸಿದಾಗ ಗಾಡಿ ಸರಿಹೋಯಿತು; ಪೆಡಲು ನಿರ್ದೋಷಿ.

ಅಮೆರಿಕದಲ್ಲಿ 2009-10ರಲ್ಲಿ ಟೊಯೋಟಾ ಕಾರುಗಳು ತಾವಾಗಿಯೇ ಧಾವಿಸುತ್ತವೆಂದು ಜನರು ಇಲೆಕ್ಟ್ರಾನಿಕ್ಸನ್ನು ಶಂಕಿಸಿದ್ದರು. ನಾಸಾದ ತಜ್ಞರ ಪರೀಕ್ಷೆಯಲ್ಲಿ ಅಂಥ ದೋಷ ಕಂಡುಬರಲಿಲ್ಲವೆಂದು 2011ರಲ್ಲಿ ಪ್ರಕಟವಾಯಿತು. ಪೆಡಲಿಗೆ ಸಿಕ್ಕಿಕೊಳ್ಳುವ ಕಾಲುಹಾಸು, ಅಂಟಿಕೊಳ್ಳುವ ಪೆಡಲುಗಳೇ ಗೊತ್ತಾದ ಕಾರಣಗಳಾಗಿದ್ದವು.

ಒಬ್ಬನೇ ಹುಡುಗನ ಚಾಡಿಯನ್ನು ನಂಬಿ ನಾನು ಹಿಂದೊಮ್ಮೆ ಹೊಡೆದದ್ದು ಇದೇ ವಿದ್ಯಾರ್ಥಿಯನ್ನು. ಅವನು ಅದನ್ನು ಮರೆತಿರಬಹುದು, ನಾನು ಮರೆತಿಲ್ಲ.